ನೋವಿದ್ದರೆ ನೋವಿನೊಂದಿಗೇ ಬನ್ನಿ

ಜೂನ್ ೧೪, ಭಾನುವಾರ
ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯಾ? ಇಲ್ಲಿ ನಾನೂ ನಿನ್ನ ಭಾವನೂ ಚೆನ್ನಾಗಿದ್ದೇವೆ. ಉತ್ತರ ಬರೆಯಲು ಇಷ್ಟು ತಡವಾಯಿತೆಂದು ಬೈಯಬೇಡ. ಮೂರು ಸಲ ಕಂಪ್ಯೂಟರ್ ಮುಂದೆ ಕೂತೆ. ಮೂರು ಸಲವೂ ಬೆರಳುಗಳು ತಾವಾಗಿಯೇ "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು" ಎಂದು ಶುರು ಮಾಡಿದವು. ಒಡಹುಟ್ಟಿದವಳಿಗೆ ಹಾಗೆ ಬರೆದರೆ ಯಾರಾದರೂ ಮೆಚ್ಚುತ್ತಾರಾ? ಅದಕ್ಕೇ ಕೊನೆಗೆ ಪೆನ್ನು ಹಿಡಿದಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಹೊಂದಿಸಿಕೊಂಡು ಓದು.

ನಿನ್ನ ಮೇಲ್ ಬಂತು. "ಅಕ್ಕ, ಈ ತಿಂಗಳು ಲ್ಯಾಬಿನಲ್ಲಿ ಕೆಲಸ ಜಾಸ್ತಿ. ರಜೆ ಸಿಗುವುದು ಕಷ್ಟ. ಮುಂದೆ ನೋಡೋಣ. ಆರೋಗ್ಯ ನೋಡಿಕೊ." ಫೆಬ್ರವರಿಯಲ್ಲಿ ಕರೆದಾಗಲೂ ಇದೇ ಬಂದಿತ್ತು, ಏಪ್ರಿಲಿನಲ್ಲೂ ಇದೇ. ಗುಬ್ಬಿ, ನಾನು ದಿನವಿಡೀ ಮಾಡುವುದು ಇದೇ ಕೆಲಸ. ಒಂದು ಸಲ ಬರೆದಿಟ್ಟುಕೊಂಡು ಬೇಕಾದಾಗಲೆಲ್ಲ ಕಳಿಸುವ ಮೇಲ್ ಯಾವುದು, ಆಗಷ್ಟೇ ಕೂತು ಬರೆದದ್ದು ಯಾವುದು ಎಂದು ನನಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ನೀನೂ ಒಂದು ಟೆಂಪ್ಲೇಟ್ ಮಾಡಿಟ್ಟುಕೊಂಡಿದ್ದೀಯ. ಕಸುಬುದಾರಳಾಗಿ ಹೇಳುವುದಾದರೆ ಕೆಲಸ ಅಚ್ಚುಕಟ್ಟಾಗಿದೆ. ಅಕ್ಕನಾಗಿ ಏನು ಹೇಳಬೇಕೆಂದು ತೋಚುತ್ತಿಲ್ಲ. ನೀನು ಆ ಮನೆ ಬಿಟ್ಟು ಹೊರಗೆ ಬಂದು, ಬೇರೆ ಊರಲ್ಲಿ ಬಾಡಿಗೆ ಮನೆ ಹಿಡಿದು ಎರಡು ವರ್ಷದ ಮೇಲಾಯಿತು. ಇಲ್ಲಿಗೆ ಒಂದು ಸಲವೂ ಬರಲಿಲ್ಲ. ನೀನು ಬಂದು ನಾಲ್ಕು ದಿನ ಇದ್ದು ಹೋಗಬೇಕು ಅನ್ನುವುದೊಂದೇ ನನ್ನ ಆಸೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನು ನಗುವ ವಿಷಯಕ್ಕೆ ಬರೋಣ, ಅದು ಬೇಕಾದಷ್ಟಿದೆ.

ನಾನು ಹಲ್ಲಿನ ಕ್ಲಿನಿಕ್ ಸೇರಿದ್ದು ನಿನಗೆ ಗೊತ್ತಲ್ಲ. ಇರುವುದು ಒಬ್ಬರೇ ಡಾಕ್ಟರು. ಮಾತು ಕಡಿಮೆ ಅಂದರೆ ಎಷ್ಟು ಕಡಿಮೆ ಗೊತ್ತಾ? "ಬಾಯಿ ತೆರೀರಿ", "ಉಗೀರಿ", "ನಾಳೆ ಬನ್ನಿ". ಬೆಳಗ್ಗೆಯಿಂದ ಸಂಜೆವರೆಗೆ ತಿರುಗಿ ಮಾತಾಡಲಾರದ ಜನರ ಜೊತೆಗೇ ಇದ್ದು ಅವರಿಗೆ ಮಾತಿನ ಅಭ್ಯಾಸವೇ ತಪ್ಪಿಹೋಗಿದೆ. ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲೇ ಮನೆ, ಒಬ್ಬರೇ ಇರುತ್ತಾರೆ. ಮೆಟ್ಟಿಲಿಳಿದು ಬಂದರೆ ಕೆಲಸ, ಹತ್ತಿ ಹೋದರೆ ನಿದ್ದೆ.

ನಾನು ಸೇರಿದ ಹೊಸದರಲ್ಲಿ ಪ್ರತಿಯೊಂದು ಮೇಲನ್ನೂ ಹೊಸದಾಗಿ ಟೈಪ್ ಮಾಡುತ್ತಿದ್ದೆ. ನಾಳೆ ಹತ್ತು ಗಂಟೆಗೆ ಬನ್ನಿ ಅಂತ ಒಬ್ಬರಿಗೆ, ಹಲ್ಲು ಕಿತ್ತ ಜಾಗದಲ್ಲಿ ನಾಲಿಗೆ ಆಡಿಸಬೇಡಿ ಅಂತ ಇನ್ನೊಬ್ಬರಿಗೆ, ಡಾಕ್ಟರು ಗುರುವಾರ ಇರುವುದಿಲ್ಲ ಅಂತ ಮತ್ತೊಬ್ಬರಿಗೆ. ಒಂದು ದಿನ ಡಾಕ್ಟರು ನನ್ನ ಹಿಂದೆ ಬಂದು ನಿಂತು ನೋಡಿದರು. "ಇದು ನಿನ್ನೆ ಬರೆದ್ರಲ್ವಾ?" ಅಂದರು. "ಇದು ಬೇರೆಯವರಿಗೆ ಸಾರ್" ಅಂದೆ. "ಒಂದ್ಸಲ ಬರೆದಿಡಿ, ಹೆಸರಿನ ಜಾಗ ಖಾಲಿ ಬಿಡಿ" ಅಂದು ಹೋದರು. ನಮ್ಮ ಡಾಕ್ಟರ ಮಟ್ಟಿಗೆ ಅದು ಭಾಷಣ.

ಹಾಗೆ ಶುರುವಾಯಿತು ನೋಡು. ಸಮಯ ಖಚಿತವಾದರೆ ಒಂದು, ಸಮಯ ಬದಲಾದರೆ ಒಂದು, ಹಲ್ಲು ಕಿತ್ತ ಮೇಲೆ ಒಂದು, ಹಲ್ಲು ಕಟ್ಟಿಸಿದ ಮೇಲೆ ಒಂದು, ಬರುತ್ತೇನೆಂದು ಹೇಳಿ ಕೈಕೊಟ್ಟವರಿಗೆ ಒಂದು. ಕ್ಲಿಕ್ ಮಾಡಿದರೆ ಮೇಲ್ ತಯಾರು. ಮೊದಲ ವಾರ ನನಗೆ ನಾನೇ ಮಹಾರಾಣಿ. ಎರಡನೆಯ ವಾರ ಶುರುವಾಯಿತು ಗ್ರಹಚಾರ. ಹೆಸರು ತುಂಬುವುದನ್ನೇ ಮರೆತು ಒಬ್ಬರಿಗೆ "ಪ್ರಿಯ ಹೆಸರು ಅವರೇ" ಅಂತ ಹೋಯಿತು. ಅವರು ನಿವೃತ್ತ ತಹಸೀಲ್ದಾರರು, ಬಿಡುತ್ತಾರಾ? "ನಿಮ್ಮ ವಿಶ್ವಾಸಿ, ಹೆಸರು" ಅಂತ ಸಹಿ ಹಾಕಿ ಉತ್ತರ ಕೊಟ್ಟರು. ಈಗಲೂ ಬಂದಾಗಲೆಲ್ಲ ಕೌಂಟರಿನಲ್ಲಿ "ಹೆಸರು ಬಂದಿದ್ದಾನೆ ಅಂತ ಹೇಳಮ್ಮ" ಅನ್ನುತ್ತಾರೆ.

ಇನ್ನೊಂದು ದಿನ ಫ್ಯಾನ್ ರಿಪೇರಿ ಮಾಡಿದ ಎಲೆಕ್ಟ್ರಿಷಿಯನ್ ಬಿಲ್ ಕಳಿಸಿದ್ದ. ಬಿಲ್ ತಲುಪಿತು ಅಂತ ತಿಳಿಸಲು ಹೋಗಿ, ಹಲ್ಲು ಕಿತ್ತವರ ಮೇಲನ್ನು ಒತ್ತಿಬಿಟ್ಟೆ. "ಸ್ವಲ್ಪ ರಕ್ತ ಬಂದರೆ ಗಾಬರಿಯಾಗಬೇಡಿ. ಎರಡು ದಿನ ಹೆಚ್ಚು ಮಾತಾಡಬೇಡಿ. ಬಾಯಿ ಮುಚ್ಚಿಕೊಂಡು ವಿಶ್ರಾಂತಿ ತೆಗೆದುಕೊಳ್ಳಿ." ಅವನು ಫೋನ್ ಮಾಡಿ ಮೆಲ್ಲಗೆ ಕೇಳಿದ, "ಮೇಡಂ, ರೇಟ್ ಜಾಸ್ತಿ ಆಯ್ತು ಅಂದ್ರೆ ಬಾಯಿಬಿಟ್ಟು ಹೇಳಿ, ಕಮ್ಮಿ ಮಾಡ್ತೀನಿ. ಹಿಂಗೆಲ್ಲ ಯಾಕೆ ಹೆದರಿಸ್ತೀರಾ?" ನಾನು ವಿವರಿಸಲು ಹೋದಷ್ಟೂ ಅವನು ಇನ್ನಷ್ಟು ಹೆದರಿದ.

ಮನೆಯಲ್ಲೂ ಇದೇ ರೋಗ ಅಂಟಿಕೊಂಡಿತು. ಒಂದು ರಾತ್ರಿ ಊಟಕ್ಕೆ ಕೂತಾಗ ನಿನ್ನ ಭಾವ "ಉಪ್ಪು ಕಮ್ಮಿ" ಅಂದರು. ನಾನು ತಲೆಯೆತ್ತದೆ "ನಿಮ್ಮ ದೂರು ನಮ್ಮ ಗಮನಕ್ಕೆ ಬಂದಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ" ಅಂದೆ. ಅವರು ಊಟ ಬಿಟ್ಟು ನನ್ನ ಮುಖವನ್ನೇ ನೋಡಿದರು. ನಿನ್ನ ಭಾವ ಡ್ರೈವಿಂಗ್ ಕಲಿಸಿ ಕಲಿಸಿ ಊಟದ ಮೇಜಿನ ಕೆಳಗೂ ಬ್ರೇಕ್ ಒತ್ತುವ ಮನುಷ್ಯ. ಯಾರಾದರೂ ಜೋರಾಗಿ ಮಾತಾಡಿದರೆ ಅವರ ಬಲಗಾಲು ತಾನಾಗಿಯೇ ನೆಲಕ್ಕೆ ಊರುತ್ತದೆ. ಅಂಥವರು ನನ್ನನ್ನು ನೋಡಿ ಹೆದರಿದರು ಅಂದರೆ ನೀನೇ ಲೆಕ್ಕ ಹಾಕು.

ಈಗ ಅಸಲು ಕಥೆಗೆ ಬರುತ್ತೇನೆ. ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಬೇಕು ಅಂತ ನಿಯಮ ಇದೆಯಲ್ಲ, ಯಾರೂ ಪಾಲಿಸದ ನಿಯಮ. ಅದನ್ನು ನೆನಪಿಸಲು ಒಂದು ಮೇಲ್ ಇತ್ತು: "ನಿಮ್ಮ ತಪಾಸಣೆ ಬಾಕಿ ಇದೆ. ದಯವಿಟ್ಟು ಸಮಯ ನಿಗದಿಪಡಿಸಿಕೊಳ್ಳಿ." ಅದನ್ನು ಓದಿ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಅಷ್ಟರಲ್ಲಿ ಎದುರು ಸಾಲಿನಲ್ಲಿ ಹೊಸ ಕ್ಲಿನಿಕ್ ಬಂತು. ಬಾಗಿಲಿಗೆ ಬಲೂನು ಕಟ್ಟಿ, ಒಳಗೆ ಮೀನಿನ ತೊಟ್ಟಿ ಇಟ್ಟು, ಬಂದವರಿಗೆಲ್ಲ ಬ್ರಷ್ ಕೊಡುತ್ತಿದ್ದರು. ನಮ್ಮ ಡಾಕ್ಟರು ಕಿಟಕಿಯಿಂದ ಅದನ್ನು ನೋಡಿ ಬಂದು "ಆ ಮೇಲ್ ಸಪ್ಪೆ. ಚೆನ್ನಾಗಿ ಬರೀರಿ" ಅಂದರು. ಬರೆದೆ. ಹೀಗಿತ್ತು ನೋಡು:

"ಪ್ರಿಯ ________,

ನಿಮ್ಮನ್ನು ನೋಡಿ ಬಹಳ ದಿನಗಳಾದವು. ಏನಾದರೂ ಬೇಸರವಾಯಿತೇ ಎಂದು ಆಗಾಗ ಯೋಚನೆ ಬರುತ್ತದೆ. ಇಷ್ಟು ದಿನ ಯಾಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ. ಕಾರಣ ಹೇಳಬೇಕಾಗಿಲ್ಲ. ನೋವಿದ್ದರೆ ನೋವಿನೊಂದಿಗೇ ಬನ್ನಿ. ಇಲ್ಲದಿದ್ದರೆ ಸುಮ್ಮನೆ ಬನ್ನಿ. ಬಂದು ಕೂತುಕೊಳ್ಳಿ ಸಾಕು. ಮನಸ್ಸಾದಾಗ ಬಾಯಿ ತೆರೆದರಾಯಿತು. ಬಾಗಿಲು ಬೆಳಗ್ಗೆ ಒಂಬತ್ತರಿಂದ ತೆರೆದಿರುತ್ತದೆ."

ಕೆಳಗೆ ಸಹಿ ಡಾಕ್ಟರದು. ಕೌಂಟರಿನವಳು ಕರೆದರೆ ಯಾರು ಬರುತ್ತಾರೆ? ಡಾಕ್ಟರು ಓದಿ, "ಮನಸ್ಸಾದಾಗ ಬಾಯಿ ತೆರೆದರೆ ನನ್ನ ಕೆಲಸ?" ಅಂದರು. ಅಷ್ಟೇ ಆಕ್ಷೇಪ. ರಿಜಿಸ್ಟರಿನಲ್ಲಿರುವ ಹೆಸರುಗಳನ್ನು ಕಂಪ್ಯೂಟರೇ ಖಾಲಿ ಜಾಗಕ್ಕೆ ತುಂಬುವ ಹಾಗೆ ಮಾಡಿ, ಆರು ತಿಂಗಳಿಂದ ಮುಖ ತೋರಿಸದವರಿಗೆಲ್ಲ ಒಂದೇ ಏಟಿಗೆ ಕಳಿಸಿಬಿಟ್ಟೆ. ಬೆನ್ನು ತಟ್ಟಿಕೊಂಡು ಮನೆಗೆ ಹೋದೆ.

ಮನೆಗೆ ಬಂದರೆ ನಿನ್ನ ಭಾವ ಫೋನ್ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅವರ ಹೆಸರೂ ರಿಜಿಸ್ಟರಿನಲ್ಲಿತ್ತಲ್ಲ. "ನಿಮ್ಮ ಡಾಕ್ಟ್ರು ಎಂಥಾ ಒಳ್ಳೆ ಮನುಷ್ಯ ಕಣೇ. ನನಗೆ ಬೇಜಾರಾಗಿದ್ಯಾ ಅಂತ ಈ ಹದಿನೆಂಟು ವರ್ಷದಲ್ಲಿ ಯಾರಾದ್ರೂ ಕೇಳಿದಾರಾ?" ಅಂದರು. ಬರೆದವಳು ಎದುರಿಗೇ ನಿಂತಿದ್ದೇನೆ. ತಟ್ಟೆ ಹಾಕಿದೆ.

ಮರುದಿನ ಕ್ಲಿನಿಕ್ ತೆರೆಯುವಷ್ಟರಲ್ಲಿ ಬಾಗಿಲ ಮುಂದೆ ಜನ. ಹಲ್ಲು ನೋವಿನವರು ಬೆರಳೆಣಿಕೆಯಷ್ಟು. ಉಳಿದವರು ಸುಮ್ಮನೆ ಬಂದಿದ್ದರು. ಸುಮ್ಮನೆ ಬನ್ನಿ ಅಂತ ನಾನೇ ಬರೆದಿದ್ದೆನಲ್ಲ. ಒಬ್ಬ ಟೈಲರು ಬಂದು ಮೂಲೆಯ ಕುರ್ಚಿಯಲ್ಲಿ ಕೂತ. ಹಲ್ಲು ತೋರಿಸಲಿಲ್ಲ, ಮಾತಾಡಲಿಲ್ಲ, ಮಧ್ಯಾಹ್ನ ಎದ್ದು "ಬರ್ತೀನಮ್ಮ, ಹಗುರಾಯ್ತು" ಅಂದು ಹೋದ. ಎದುರು ಕ್ಲಿನಿಕ್ಕಿಗೆ ಹೋಗಲು ಶುರು ಮಾಡಿದ್ದ ಒಬ್ಬಾಕೆ ಬಂದು, ತಪ್ಪಿತಸ್ಥಳ ಹಾಗೆ ತಲೆ ತಗ್ಗಿಸಿಕೊಂಡು, "ಡಾಕ್ಟ್ರಿಗೆ ಬೇಜಾರಾಗಿದ್ಯಾ? ಮೀನು ನೋಡ್ಬೇಕು ಅಂತ ಮಗು ಹಟ ಮಾಡ್ತು, ಅದಕ್ಕೇ ಅಲ್ಲಿಗೆ ಹೋಗಿದ್ದು" ಅಂದಳು. ಡಾಕ್ಟರು ಒಳಗಿನಿಂದ ಇಣುಕಿ, ಇಣುಕಿ, ಕೊನೆಗೆ ನನ್ನನ್ನು ಕರೆದು, "ಇವರೆಲ್ಲ ಯಾಕೆ ನನ್ನ ನೋಡಿ ನಗ್ತಾ ಇದಾರೆ?" ಅಂದರು. "ಪ್ರೀತಿಯಿಂದ ಸಾರ್" ಅಂದೆ. ಅವರು ಬಾಗಿಲು ಹಾಕಿಕೊಂಡರು.

ನಿನ್ನ ಭಾವ ಕೂಗುತ್ತಿದ್ದಾರೆ. ಬಟ್ಟೆ ಒಣಗಿಸುವ ಹಗ್ಗ ಕಿತ್ತುಬಂತಂತೆ. ಉಳಿದದ್ದು ನಾಳೆ.

ಸೋಮವಾರ, ಸಂಜೆ

ಹಗ್ಗ ಕಟ್ಟಿದ್ದಾಯಿತು, ಒಗೆದದ್ದನ್ನೆಲ್ಲ ಮತ್ತೆ ಒಗೆದದ್ದೂ ಆಯಿತು. ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಬಾಗಿಲು ಹಾಕಿಕೊಂಡ ಡಾಕ್ಟರು.

ಮೂರನೆಯ ದಿನ ಕ್ಲಿನಿಕ್ ಮುಂದೆ ಒಂದು ಆಟೋ ನಿಂತಿತು. ಮೊದಲು ಒಂದು ಸೂಟ್‌ಕೇಸ್ ಇಳಿಯಿತು, ಆಮೇಲೆ ಒಂದು ಹಾಸಿಗೆಯ ಸುರುಳಿ, ಆಮೇಲೆ ಒಂದು ಮೊಣಕಾಲು ನೋವಿನ ದಿಂಬು, ಕೊನೆಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿದ ಒಬ್ಬರು ಎತ್ತರದ ಮುದುಕಿ. ಆಟೋದವನಿಗೆ "ನೆಟ್ಟಗೆ ನಿಂತ್ಕೊ, ಬೆನ್ನು ಬಗ್ಗಿಸ್ಬೇಡ" ಅಂತ ಹೇಳಿ ಒಳಗೆ ಬಂದರು. ಕೌಂಟರಿಗೆ ಕೈಯೂರಿ, "ಎಲ್ಲಿ ನನ್ನ ಮಗ?" ಅಂದರು.

ಡಾಕ್ಟರ ಅಮ್ಮ. ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವರು, ದನಿ ಕೇಳಿದರೆ ಈಗಲೂ ಸಾಲಾಗಿ ನಿಲ್ಲಬೇಕು ಅನ್ನಿಸುತ್ತದೆ. ಊರಿನ ಇನ್ನೊಂದು ತುದಿಯಲ್ಲಿ ಚಿಕ್ಕ ಮಗನ ಮನೆಯಲ್ಲಿ ಆರಾಮವಾಗಿದ್ದರು. ತಾಯಿ ಮಗನಿಗೆ ಜಗಳವೇನಿಲ್ಲ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಆದರೆ ಮಗನಿಗೆ ಬಿಡುವಿಲ್ಲ. ಹಾಗೇ ವರ್ಷ ಕಳೆದಿತ್ತು.

ಆದದ್ದೇನೆಂದರೆ, ಹಿಂದೆ ಯಾವಾಗಲೋ ರಜೆಯ ದಿನ ಅವರು ದವಡೆ ಹಲ್ಲು ಕೀಳಿಸಿಕೊಂಡು ಹೋಗಿದ್ದರು. ಅವತ್ತು ನಾನಿರಲಿಲ್ಲ. ರಿಜಿಸ್ಟರಿನಲ್ಲಿ ಡಾಕ್ಟರೇ ಬರೆದಿದ್ದರು. ಹೆಸರಿನ ಜಾಗದಲ್ಲಿ ಏನು ಬರೆದಿದ್ದರು ಗೊತ್ತಾ? "ಅಮ್ಮ". ಬೇರೆ ಏನು ಬರೆದಾರು, ಆ ಮನುಷ್ಯನಿಗೆ ಆಕೆ ಯಾವತ್ತೂ ಅಮ್ಮನೇ ತಾನೆ? ಕಂಪ್ಯೂಟರಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? ಖಾಲಿ ಜಾಗಕ್ಕೆ ನಿಷ್ಠೆಯಿಂದ ತುಂಬಿತು. "ಪ್ರಿಯ ಅಮ್ಮ, ನಿಮ್ಮನ್ನು ನೋಡಿ ಬಹಳ ದಿನಗಳಾದವು." ಕೆಳಗೆ ಮಗನ ಸಹಿ.

ಡಾಕ್ಟರು ಕೈಗವಸಿನಲ್ಲೇ ಹೊರಗೆ ಬಂದರು. ಅಮ್ಮನನ್ನು ನೋಡಿದರು, ಸೂಟ್‌ಕೇಸ್ ನೋಡಿದರು, ಹಾಸಿಗೆ ನೋಡಿದರು. "ಅಮ್ಮ?" ಅಂದರು. "ನೋವಿದ್ರೆ ನೋವಿನ ಜೊತೆಗೇ ಬಾ ಅಂದಿದ್ಯಲ್ಲಪ್ಪ, ಮೊಣಕಾಲಿನ ಜೊತೆ ಬಂದಿದೀನಿ" ಅಂದರು ಆಕೆ. ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಪೆನ್ಸಿಲ್ ಬಿದ್ದಿದೆಯೇನೋ ಎಂಬಂತೆ ಕೌಂಟರಿನ ಕೆಳಗೆ ಹೋದೆ. ಪೆನ್ಸಿಲ್ ಬಿದ್ದಿರಲಿಲ್ಲ. ಆದರೂ ಸಾಕಷ್ಟು ಹೊತ್ತು ಹುಡುಕಿದೆ.

ಅವತ್ತಿನಿಂದ ಕ್ಲಿನಿಕ್ ಡ್ರಿಲ್ ಟೀಚರ ವಶ. ಬೆಳಗ್ಗೆ ಒಂಬತ್ತಕ್ಕೆ ಮೆಟ್ಟಿಲಿಳಿದು ಬಂದು, ಕಾಯುವ ಕೋಣೆಯಲ್ಲಿ ಕೂತು, ಬಂದವರಿಗೆಲ್ಲ ಕುತ್ತಿಗೆಯ ವ್ಯಾಯಾಮ ಮಾಡಿಸುತ್ತಿದ್ದರು. ಹಲ್ಲು ನೋವೆಂದು ಬಂದವರೂ ಎಡಕ್ಕೆ ತಿರುಗು, ಬಲಕ್ಕೆ ತಿರುಗು. ನಿವೃತ್ತ ತಹಸೀಲ್ದಾರರು ಬಂದು "ಹೆಸರು ಬಂದಿದ್ದಾನೆ" ಅಂದದ್ದಕ್ಕೆ "ಹೆಸರು ಆದ್ರೇನು, ಕೈ ಮೇಲಕ್ಕೆತ್ತಿ" ಅಂದರು. ಮಗನ ಮೇಲನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದಿದ್ದರು. ಕೇಳಿದವರಿಗೂ ಕೇಳದವರಿಗೂ ಅದನ್ನು ತೋರಿಸಿ, "ನನ್ನ ದೊಡ್ಡ ಮಗ ಮಾತಾಡಲ್ಲ ಅಂತೀರಲ್ಲ, ಇಲ್ನೋಡಿ" ಅನ್ನುತ್ತಿದ್ದರು.

ಡಾಕ್ಟರು ನನ್ನನ್ನು ಎಕ್ಸ್‌ರೇ ಕೋಣೆಗೆ ಕರೆದರು. "ಅಮ್ಮನಿಗೆ ಹೇಳಿ."

"ಏನಂತ ಸಾರ್?"

"ಅದು ಎಲ್ಲರಿಗೂ ಹೋದ ಮೇಲ್ ಅಂತ."

"ನಾನು ಹೇಳೋದಾ?"

"ಬರೆದಿದ್ದು ನೀವು."

"ಸಹಿ ನಿಮ್ಮದು ಸಾರ್."

ಅವರು ಗೋಡೆಯ ಮೇಲಿನ ದವಡೆಯ ಚಿತ್ರವನ್ನು ನೆಟ್ಟಗೆ ಮಾಡಿದರು. ಆಮೇಲೆ, "ಒಂದು ತಿದ್ದುಪಡಿ ಮೇಲ್ ಕಳಿಸಿ. ಎಲ್ಲರಿಗೂ" ಅಂದರು. ಕೂತು ಬರೆದೆ: "ಕಳೆದ ವಾರ ನಮ್ಮಿಂದ ಬಂದ ಸಂದೇಶದಲ್ಲಿ ವ್ಯಕ್ತಪಡಿಸಿದ ಭಾವನೆಗಳು ಸಾಮಾನ್ಯ ಸ್ವರೂಪದವು. ಅವನ್ನು ವೈಯಕ್ತಿಕವೆಂದು ಭಾವಿಸಬಾರದಾಗಿ ವಿನಂತಿ." ಓದಿಕೊಂಡೆ. ಇದಕ್ಕಿಂತ ಒಬ್ಬೊಬ್ಬರ ಮನೆಗೆ ಹೋಗಿ ಕೆನ್ನೆಗೆ ಬಾರಿಸಿ ಬರುವುದು ವಾಸಿ ಅನ್ನಿಸಿತು. ಕಳಿಸಲಿಲ್ಲ. ಸರ್ವರ್ ಕೆಟ್ಟಿದೆ ಅಂತ ಸುಳ್ಳು ಹೇಳಿದೆ. ಡಾಕ್ಟರು "ಸರಿ" ಅಂದರು. ನನಗೇನೋ ಅವರಿಗೂ ಅದೇ ಬೇಕಿತ್ತು ಅನ್ನಿಸಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಶುಕ್ರವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ಬಂದಳು. ಡ್ರಿಲ್ ಟೀಚರು ರೂಢಿಯಂತೆ ಪ್ರಿಂಟು ತೆಗೆದು ಜೋರಾಗಿ ಓದತೊಡಗಿದರು. "ಇಷ್ಟು ದಿನ ಯಾಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ" ಅನ್ನುವಷ್ಟರಲ್ಲಿ ಆಕೆ ನಗುತ್ತಾ, "ಕಾರಣ ಹೇಳಬೇಕಾಗಿಲ್ಲ. ನೋವಿದ್ದರೆ ನೋವಿನೊಂದಿಗೇ ಬನ್ನಿ" ಅಂತ ಮುಂದಿನದನ್ನು ಬಾಯಿಪಾಠ ಹೇಳಿದಳು. "ನನಗೂ ಬಂದಿದೆ ಆಂಟಿ. ನಮ್ಮ ಮ್ಯಾನೇಜರಿಗೂ ಬಂದಿದೆ. ನಾವು ಬ್ಯಾಂಕಲ್ಲಿ ಸಾಲದ ನೋಟಿಸಿಗೆ ಇದನ್ನೇ ಹಾಕ್ಬಹುದಾ ಅಂತ ಯೋಚಿಸ್ತಿದೀವಿ."

ಒಳಗಿನ ಡ್ರಿಲ್ಲಿಂಗ್ ಯಂತ್ರದ ಸದ್ದು ನಿಂತಿತು. ಡಾಕ್ಟರು ಬಾಗಿಲಲ್ಲಿ ಬಂದು ನಿಂತರು, ಅವರ ಹಿಂದೆ ಬಾಯಿಯಲ್ಲಿ ಹತ್ತಿ ಇಟ್ಟುಕೊಂಡ ರೋಗಿ. ನಾನು ಈ ಸಲ ಪೆನ್ಸಿಲ್ ಹುಡುಕಲಿಲ್ಲ. ಮುದುಕಿ ಕಾಗದವನ್ನು ನಿಧಾನವಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು.

"ನನಗೆ ಗೊತ್ತಿಲ್ದೇ ಏನು?" ಅಂದರು. "ಇವನು ಹುಟ್ಟಿದಾಗಿಂದ ನನಗೆ ಒಂದ್ಸಲವಾದ್ರೂ ನೀವು ಅಂದಿದಾನಾ? ಮೇಲಲ್ಲಿ ನಿಮ್ಮನ್ನು, ಬನ್ನಿ ಅಂತಿತ್ತು. ಓದಿದ ತಕ್ಷಣ ಗೊತ್ತಾಯ್ತು ಇದು ಇವನದಲ್ಲ ಅಂತ."

"ಮತ್ತೆ ಯಾಕೆ ಬಂದೆ ಅಮ್ಮ?" ಅಂದರು ಡಾಕ್ಟರು. ಆ ದನಿ ನಾನು ಅವರ ಬಾಯಲ್ಲಿ ಕೇಳಿದ್ದೇ ಇಲ್ಲ.

"ಬರೋಕೊಂದು ನೆಪ ಬೇಕಿತ್ತು ಕಣೋ. ನೀನಂತೂ ಕೊಡ್ಲಿಲ್ಲ, ಈ ಕಂಪ್ಯೂಟರ್ ಕೊಡ್ತು. ಹೋಗು, ಪಾಪ ಅವರ ಬಾಯಿ ತೆರೆದೇ ಇದೆ."

ಡಾಕ್ಟರು ಒಳಗೆ ಹೋದರು. ಆದರೆ ಅವತ್ತು ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಮೇಲೆ ಊಟಕ್ಕೆ ಹೋದರು. ನಾನು ಬಂದಾಗಿನಿಂದ ಅವರು ಮಧ್ಯಾಹ್ನ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದು ಅದೇ ಮೊದಲು. ಎದುರು ಕ್ಲಿನಿಕ್ಕಿನವರು ನಾವು ಬಾಗಿಲು ಹಾಕಿದ್ದು ನೋಡಿ ಖುಷಿಯಿಂದ ಇನ್ನೊಂದು ಬಲೂನು ಕಟ್ಟಿದರು.

ಡ್ರಿಲ್ ಟೀಚರು ಮೊನ್ನೆ ಶನಿವಾರ ವಾಪಸು ಹೋದರು, ಮುಂದಿನ ತಿಂಗಳು ಬರುತ್ತೇನೆ ಅಂತ ಹಾಸಿಗೆ ಇಲ್ಲೇ ಬಿಟ್ಟು. ಅವರು ಆಟೋ ಹತ್ತಿದ ಮೇಲೆ ಡಾಕ್ಟರು ನನ್ನ ಹತ್ತಿರ ಬಂದು ನಿಂತರು, ಹೋದರು, ಮತ್ತೆ ಬಂದರು. "ಅಮ್ಮನಿಗೆ ವಾರಕ್ಕೊಂದು ಮೇಲ್ ತಾನಾಗೇ ಹೋಗೋ ಹಾಗೆ ಮಾಡ್ಬಹುದಾ?" ಅಂದರು. ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಆಗಲ್ಲ ಸಾರ್. ಅದಕ್ಕೆ ಟೆಂಪ್ಲೇಟ್ ಇಲ್ಲ. ಕೂತ್ಕೊಳ್ಳಿ" ಅಂತ ನನ್ನ ಕುರ್ಚಿ ಬಿಟ್ಟುಕೊಟ್ಟೆ. ಹಲ್ಲಿನ ಬೇರಿಗೆ ಕಣ್ಣು ಮುಚ್ಚಿ ಕೈ ಹಾಕುವ ಮನುಷ್ಯ, ಕೀಬೋರ್ಡಿನ ಮುಂದೆ ಬೆವತುಬಿಟ್ಟರು. ಬರೆದರು, ಅಳಿಸಿದರು, ಬರೆದರು. ಕೊನೆಗೆ ಕಳಿಸಿದ್ದು "ಅಮ್ಮ, ಊಟ ಆಯ್ತಾ?" ಅಷ್ಟೇ. ಅಮ್ಮ ಇನ್ನೂ ಆಟೋದಲ್ಲೇ ಇದ್ದರು, ಊಟ ಮಾಡಿಕೊಂಡೇ ಹೊರಟಿದ್ದರು. ಆದರೂ ಅದೇ ಕ್ಷಣ ಉತ್ತರ ಬಂತು. ಏನು ಬಂತೆಂದು ಅವರು ನನಗೆ ತೋರಿಸಲಿಲ್ಲ, ಕಂಪ್ಯೂಟರಿಗೆ ಅಡ್ಡ ಕೂತು ಓದಿಕೊಂಡರು.

ಒಂದು ಮಾತು ಬಿಟ್ಟೆ. ಹೊರಡುವ ಮುಂಚೆ ಡ್ರಿಲ್ ಟೀಚರು ಕೌಂಟರಿಗೆ ಬಂದು ನನ್ನ ಗಲ್ಲ ಹಿಡಿದು, "ಅದನ್ನ ಬರೆದೋಳು ನೀನೇ ತಾನೇ? ನಿಜ ಹೇಳು, ಯಾರಿಗೆ ಬರೆದಿದ್ದು?" ಅಂದರು. "ಎಲ್ಲರಿಗೂ ಅಂತ ಬರೆದಿದ್ದು" ಅಂದೆ. "ನೋಡು ಮಗಳೇ, ಜನ್ಮ ಪೂರ್ತಿ ಮೈದಾನದಲ್ಲಿ ನಿಂತು ಕೂಗಿದೋಳು ನಾನು. ಎಲ್ಲರನ್ನೂ ಕರೆಯೋ ದನಿಯೇ ಬೇರೆ, ಒಬ್ಬರನ್ನ ಕರೆಯೋ ದನಿಯೇ ಬೇರೆ" ಅಂದರು. ನಾನು ನಕ್ಕು, ಅವರ ದಿಂಬು ಎತ್ತಿಕೊಂಡು ಆಟೋದಲ್ಲಿಟ್ಟೆ.

ಇಷ್ಟು ನೋಡು ಇಲ್ಲಿಯ ಸಮಾಚಾರ. ನಿನ್ನ ಭಾವ ನಿನ್ನನ್ನು ಕೇಳಿದರೆಂದು ಬರೆ ಅಂದರು. ಬಂದರೆ ಕಾರು ಕಲಿಸುತ್ತಾರಂತೆ, ನೀನು ಮೊದಲಿನ ಹಾಗೆ ಗೇಟಿಗೆ ಗುದ್ದಿದರೂ ಬೈಯುವುದಿಲ್ಲವಂತೆ. ಒತ್ತಾಯವಿಲ್ಲ. ಕೆಲಸ ಜಾಸ್ತಿ ಇದ್ದರೆ ಇರಲಿ. ಹೊತ್ತು ಹೊತ್ತಿಗೆ ಊಟ ಮಾಡು, ಲ್ಯಾಬಿನ ಎಸಿಯಲ್ಲಿ ಸ್ವೆಟರ್ ಹಾಕಿಕೊ, ರಾತ್ರಿ ಮಲಗುವ ಮುಂಚೆ ಹಲ್ಲುಜ್ಜು. ಇದೊಂದನ್ನು ಬರೆಯದಿದ್ದರೆ ನನ್ನ ಕೆಲಸ ಹೋಗುತ್ತದೆ. ನೂರು ವರ್ಷ ಸುಖವಾಗಿ ಬಾಳು ಎಂದು ಮನಸಾರೆ ಹರಸುವ,

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ತೆಗೆದೆ. ಡ್ರಿಲ್ ಟೀಚರಿಗೆ ನಾನು ನಿಜ ಹೇಳಲಿಲ್ಲ. ಆ ಮೇಲ್ ಡಾಕ್ಟರು ಕೇಳಿದ ದಿನ ಬರೆದದ್ದಲ್ಲ. ಫೆಬ್ರವರಿಯಲ್ಲಿ ನಿನ್ನ ನಾಲ್ಕು ಸಾಲು ಬಂದಾಗ, ನಿಜವಾಗಿಯೂ ಕೆಲಸ ಇರಬೇಕು ಪಾಪ ಅಂದುಕೊಂಡಿದ್ದೆ. ಸಂಜೆ ಚಿಕ್ಕಮ್ಮ ಫೋನ್ ಮಾಡಿ, ನೀನು ಅವರಿಗೆ ಬರೆದದ್ದನ್ನು ಓದಿ ಹೇಳಿದರು. ಅದೇ ನಾಲ್ಕು ಸಾಲು, ಅಕ್ಕ ಅನ್ನುವ ಕಡೆ ಚಿಕ್ಕಮ್ಮ ಅಂತಿತ್ತು ಅಷ್ಟೇ. ಗಂಡನ ಮನೆ ಯಾಕೆ ಬಿಟ್ಟೆ ಅಂತ ಕೇಳಿ ಕೇಳಿ ನಿನ್ನ ತಲೆ ತಿಂದವರಿಗೆ ಹಾಗೆ ಬರೆದರೆ ಸರಿ. ನಾನು ಒಂದು ದಿನವೂ ಕೇಳಿಲ್ಲವಲ್ಲ ಗುಬ್ಬಿ, ನನ್ನನ್ನೂ ಅವರ ಸಾಲಿನಲ್ಲೇ ಕೂರಿಸಿಬಿಟ್ಟೆಯಾ ಅಂತ ಬಹಳ ಅತ್ತೆ. ಅತ್ತು, ಕೂತು ಬರೆದೆ. ಇದಕ್ಕೂ ಆ ನಾಲ್ಕು ಸಾಲೇ ಉತ್ತರವಾಗಿ ಬಂದರೆ ಅನ್ನುವ ಹೆದರಿಕೆಗೆ ಕಳಿಸದೆ ಹಾಗೇ ಇಟ್ಟಿದ್ದೆ. ಡಾಕ್ಟರು ಕೇಳಿದಾಗ ಅದನ್ನೇ ತೆಗೆದು, ನೀನು ಅಂತಿದ್ದ ಕಡೆಯೆಲ್ಲ ನೀವು ಅಂತ ಮಾಡಿ, ಒಂಬತ್ತು ಗಂಟೆ ಅನ್ನುವುದನ್ನು ಸೇರಿಸಿ ಊರಿಗೆಲ್ಲ ಹಂಚಿಬಿಟ್ಟೆ. ಯಾರು ಯಾರೋ ಬಂದರು. ಮೇಲೆ ಬರೆದು ತೋರಿಸಿದೆನಲ್ಲ, ಅದರಲ್ಲಿ ಪ್ರಿಯ ಅಂತ ಆದ ಮೇಲೆ ಒಂದು ಖಾಲಿ ಗೆರೆ ಇದೆ. ಅಲ್ಲಿ ಮೊದಲು ಗುಬ್ಬಿ ಎಂದಿತ್ತು.